ಬೋರ್ಡಿಲ್ಲದ ವರ್ಕ್‌ಶಾಪಿನಲ್ಲಿ 1968ರ ಒಂದು ಜಾವಾ

ತುಮಕೂರಿನ ಶಿರಾ ಗೇಟ್ ಕಡೆ ಒಳಕ್ಕೆ ತಿರುಗುವ ಒಂದು ಅಡ್ಡರಸ್ತೆಯಲ್ಲಿ, ಟಯರ್ ಶೆಡ್ಡಿಗೂ ಹುಣಸೆಹಣ್ಣಿನ ಗೋದಾಮಿಗೂ ನಡುವೆ, ಹಳೆಯ ಜಾವಾ ಮತ್ತು ಯೆಜ್ಡಿ ಬೈಕುಗಳನ್ನು ಮಾತ್ರ ಮುಟ್ಟುವ ಒಂದು ವರ್ಕ್‌ಶಾಪ್ ಇದೆ. ಅದಕ್ಕೆ ಬೋರ್ಡಿಲ್ಲ, ಹೆಸರು ಬರೆಯುವುದು ಬೇಡವೆಂದು ಯಜಮಾನರೇ ಕೇಳಿಕೊಂಡಿರುವುದರಿಂದ ನಾನೂ ಬರೆಯುವುದಿಲ್ಲ. ನಮ್ಮ ಮಾವನವರ 1968ರ ಜಾವಾ 250 ಗಾಡಿಯನ್ನು ಅಲ್ಲಿ ಬಿಟ್ಟು, ನಾಲ್ಕು ತಿಂಗಳೆಂದು ಹೇಳಿದ ಕೆಲಸಕ್ಕೆ ಹನ್ನೊಂದು ತಿಂಗಳು ಕಾದು, ಕಳೆದ ತಿಂಗಳು ಮನೆಗೆ ತಂದೆ. ಎಂಜಿನ್ ಮತ್ತು ಬಣ್ಣದ ಕೆಲಸಕ್ಕೆ ಇವರ ಬಳಿ ಹೋಗಿ ಎಂದು ಯಾರಿಗೆ ಬೇಕಾದರೂ ಹೇಳುತ್ತೇನೆ. ಕ್ರೋಮ್ ವಿಷಯದಲ್ಲಿಯೂ, ಕೊಟ್ಟ ಗಡುವಿನ ವಿಷಯದಲ್ಲಿಯೂ ಹಾಗೆ ಹೇಳಲಾರೆ.

ಗಾಡಿ ಇಪ್ಪತ್ತೆರಡು ವರ್ಷ ತಿಪಟೂರಿನ ಹತ್ತಿರದ ತೋಟದ ಮನೆಯಲ್ಲಿ, ಕೊಬ್ಬರಿ ತುಂಬುವ ಕೋಣೆಯ ಮೂಲೆಗೆ ಒರಗಿ ನಿಂತಿತ್ತು. ಸೀಟಿನ ಸ್ಪಂಜನ್ನು ಇಲಿಗಳು ಹೊತ್ತೊಯ್ದಿದ್ದವು, ಕಾರ್ಬ್ಯುರೇಟರಿನ ಬಾಯಲ್ಲಿ ಕಣಜವೊಂದು ಮಣ್ಣಿನ ಗೂಡು ಕಟ್ಟಿತ್ತು, ನಡುವೆ ಯಾರೋ ಟ್ಯಾಂಕಿಗೆ ಗೇಟಿಗೆ ಬಳಿಯುವ ಕೆಂಪು ಪೇಂಟನ್ನು ಬ್ರಷ್ಷಿನಲ್ಲೇ ಬಳಿದಿದ್ದರು. ಇದನ್ನು ನೋಡಿದ ಬೇರೆ ಇಬ್ಬರು ಮೆಕ್ಯಾನಿಕ್ಕುಗಳು ನಿಂತಲ್ಲೇ ರೇಟು ಹೇಳಿದ್ದರು. ಇಲ್ಲಿಯ ಯಜಮಾನರು ರೇಟಿನ ಮಾತೇ ಎತ್ತದೆ, ಟ್ಯಾಂಕಿನ ಎರಡೂ ಬದಿಗೆ ಮೊಣಕಾಲು ಒತ್ತಿಕೊಳ್ಳುವ ರಬ್ಬರ್ ಪ್ಯಾಡುಗಳಲ್ಲಿ ಎಡಗಡೆಯದನ್ನು ಸ್ಕ್ರೂಡ್ರೈವರಿನ ತುದಿಯಿಂದ ನಿಧಾನವಾಗಿ ಎಬ್ಬಿಸಿದರು. ಅದರ ಅಡಿಯಲ್ಲಿ, ಅಂಗೈಯಗಲದಷ್ಟು ಜಾಗದಲ್ಲಿ, ಬಿಸಿಲನ್ನೂ ಬ್ರಷ್ಷನ್ನೂ ಕಾಣದ ಮೂಲ ಬಣ್ಣ ಹಾಗೆಯೇ ಉಳಿದಿತ್ತು: ಕುಂಕುಮದ ಕೆಂಪಲ್ಲ, ಒಣಗಿದ ಬ್ಯಾಡಗಿ ಮೆಣಸಿನಕಾಯಿಯ ಕೆಂಪು. "ಮೇಷ್ಟ್ರೇ, ಫೋನಿನಲ್ಲಿರೋ ಫೋಟೋ ತೋರಿಸಿ ಇಂಥಾ ಬಣ್ಣ ಹೊಡೀರಿ ಅನ್ಬೇಡಿ. ನಿಮ್ಮ ಗಾಡೀನೇ ಅದರ ಬಣ್ಣ ಹೇಳ್ತೈತೆ" ಎಂದರು. ಗಾಡಿಯನ್ನು ಅಲ್ಲಿಯೇ ಬಿಡಬೇಕೆಂದು ನಾನು ನಿರ್ಧರಿಸಿದ್ದು ಆ ಕ್ಷಣದಲ್ಲಿ.

ಜಾವಾ ಎಂದರೆ ನಮ್ಮವರಿಗೆ ಮೈಸೂರಿನದೇ ಗಾಡಿ. ಹೆಸರು ಚೆಕ್ ದೇಶದ್ದು, ಸ್ಥಾಪಕ ಯಾನೆಚೆಕ್ ಮತ್ತು ಜರ್ಮನಿಯ ವಾಂಡರರ್ ಕಂಪನಿ ಎಂಬ ಎರಡು ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ 1929ರಲ್ಲಿ ಹುಟ್ಟಿದ್ದು. ಆದರೆ ಅರವತ್ತರ ದಶಕದ ಆರಂಭದಿಂದ 1996ರವರೆಗೆ ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಿಂದಲೇ ನಮ್ಮ ರಸ್ತೆಗಳಿಗೆ ಈ ಗಾಡಿಗಳು ಇಳಿದವು, ಎಪ್ಪತ್ತರ ದಶಕದಲ್ಲಿ ಯೆಜ್ಡಿ ಎಂಬ ಹೆಸರು ಬಂದಿತು. ಮೊದಮೊದಲು ಚೆಕ್ ದೇಶದಿಂದ ಬಂದ ಭಾಗಗಳನ್ನು ಜೋಡಿಸುತ್ತಿದ್ದವರು ಕ್ರಮೇಣ ಒಂದೊಂದನ್ನೂ ಇಲ್ಲಿಯೇ ತಯಾರಿಸತೊಡಗಿದರು. ಆದ್ದರಿಂದ "ಒರಿಜಿನಲ್ ಪಾರ್ಟ್" ಎಂಬ ಮಾತನ್ನು ಗಾಡಿಯ ಇಸವಿ ಕೇಳದೆ ಆಡುವುದರಲ್ಲಿ ಅರ್ಥವಿಲ್ಲ. 1962ರ ಗಾಡಿಗೆ ಸರಿಯಾದದ್ದು 1968ರದಕ್ಕೆ ಸರಿಯಾಗಲೇಬೇಕೆಂದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದರಿಂದ ನಾನು ಉತ್ಸಾಹದಲ್ಲಿ ತಂದ ಟ್ಯಾಂಕಿನ ಬ್ಯಾಡ್ಜುಗಳನ್ನು ಯಜಮಾನರು ಹಳೆಯದರ ಪಕ್ಕದಲ್ಲಿಟ್ಟು, ಅಕ್ಷರಗಳ ಮೇಲೆ ಉಗುರು ಆಡಿಸುವಂತೆ ಹೇಳಿದರು. ಹಳೆಯದರಲ್ಲಿ ಉಗುರು ಸಿಕ್ಕಿಕೊಳ್ಳುತ್ತದೆ, ಹೊಸದರಲ್ಲಿ ಜಾರುತ್ತದೆ. ಆ ಬ್ಯಾಡ್ಜುಗಳು ಈಗ ನನ್ನ ಮೇಜಿನ ಮೇಲಿವೆ, ಗಾಡಿಯ ಮೇಲೆ ಹಳೆಯವೇ ಇವೆ.

ಎಂಜಿನ್ ಕೆಲಸವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹೊರಗಿನಿಂದ ಕಾಣದ ಈ ಕೆಲಸದಲ್ಲಿಯೇ ಬಹಳ ಜನ ಮೋಸ ಹೋಗುತ್ತಾರೆ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ, ಪಿಸ್ಟನ್ನಿನ ಏರಿಳಿತವನ್ನು ಸುತ್ತಾಗಿಸುವ ಕ್ರ್ಯಾಂಕ್ ತಿರುಗುವ ಕೋಣೆಯೇ ಪಂಪಿನ ಕೆಲಸ ಮಾಡುತ್ತದೆ: ಪೆಟ್ರೋಲ್ ಮಿಶ್ರಣವನ್ನು ಎಳೆದುಕೊಂಡು ಮೇಲಕ್ಕೆ ತಳ್ಳುವುದು ಅದೇ. ಆ ಕೋಣೆಯ ಎರಡು ತುದಿಯಲ್ಲಿರುವ ಆಯಿಲ್ ಸೀಲುಗಳಲ್ಲಿ ಡೈನಮೋ ಕಡೆಯದು ಒಣಗಿ ಬಿರುಕು ಬಿಟ್ಟರೆ ಗಾಳಿ ಒಳಹೊಕ್ಕು ಮಿಶ್ರಣ ತೆಳುವಾಗಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಕ್ಲಚ್ ಕಡೆಯದು ಹೋದರೆ ಆ ಬದಿಯ ಎಣ್ಣೆಯನ್ನೇ ಎಂಜಿನ್ ಕುಡಿದು, ಹಿಂದೆ ಬರುವವರಿಗೆ ದಾರಿ ಕಾಣದಷ್ಟು ಹೊಗೆ ಉಗುಳುತ್ತದೆ. ಹೊರಗೆ ಬಣ್ಣ ಹೊಡೆದು, ಒಳಗೆ ಹಳೆಯ ಸೀಲುಗಳನ್ನೇ ಬಿಟ್ಟ "ರೀಸ್ಟೋರ್ಡ್" ಗಾಡಿಗಳನ್ನು ನಾನೇ ಎರಡು ಕಂಡಿದ್ದೇನೆ. ಇಲ್ಲಿ ಎಂಜಿನ್ನನ್ನು ಪೂರ್ತಿ ಬಿಚ್ಚಿ, ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಬೇರ್ಪಡಿಸಿ, ಕನೆಕ್ಟಿಂಗ್ ರಾಡಿನ ಕೆಳಬೇರಿಂಗನ್ನು ಬದಲಿಸಿದರು. ಕ್ರ್ಯಾಂಕನ್ನು ಮತ್ತೆ ನೇರ ಮಾಡಿದವರು ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ದುಡಿದು ಈಗ ಮನೆಯ ಹಿಂದೆ ಒಂದು ಲೇತ್ ಇಟ್ಟುಕೊಂಡಿರುವ ಹಿರಿಯರು. ಡಯಲ್ ಗೇಜಿನ ಮುಳ್ಳು ಕೂದಲೆಳೆಯಷ್ಟು ಆಡಿದರೂ ಒಪ್ಪದೆ, ತಾಮ್ರದ ಸುತ್ತಿಗೆಯಿಂದ ಒಂದು ಸಣ್ಣ ಏಟು, ಮತ್ತೆ ಒಂದು ಸುತ್ತು, ಮತ್ತೆ ಒಂದು ಏಟು, ಹೀಗೆ ಅರ್ಧ ದಿನ ಕಳೆದರು. ಗಡಿಯಾರ ಮಾಡಿದ ಕೈ ಅಲ್ಲವೇ?

65 ಮಿ.ಮೀ. ಬೋರಿನ, ಅಂದರೆ ಒಳವ್ಯಾಸದ, ಸಿಲಿಂಡರನ್ನು ಹಿಂದೆಯೇ ಎರಡು ಬಾರಿ ಕೊರೆದು ಅಗಲಿಸಿ ರೀಬೋರ್ ಮಾಡಿದ್ದುದರಿಂದ ಈ ಬಾರಿ 0.75 ಮಿ.ಮೀ. ಓವರ್‌ಸೈಜ್ ಪಿಸ್ಟನ್ ಕೂರಿಸಿದರು. ಗಾಡಿಯ ಹಳೆಯ ಯೀಕೋವ್ ಕಾರ್ಬ್ಯುರೇಟರನ್ನು ಎಸೆದು ಹೊಸ ಮಾದರಿಯದನ್ನು ಹಾಕುವುದು ಎಲ್ಲರೂ ಹಿಡಿಯುವ ಸುಲಭದ ದಾರಿ. ಇವರು ಅದರ ಹಿತ್ತಾಳೆ ಜೆಟ್ಟುಗಳನ್ನು ಪಕ್ಕದ ಗೋದಾಮಿನ ಹುಣಸೆಹಣ್ಣಿನ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಊದಿ, ಮತ್ತೆ ಅದನ್ನೇ ಕೂರಿಸಿದರು. ಕಿಡಿಯ ಹೊತ್ತನ್ನು ನಿರ್ಧರಿಸುವ ಪಾಯಿಂಟಿನ ಗ್ಯಾಪನ್ನು 0.4 ಮಿ.ಮೀ.ಗೆ ಇಟ್ಟು, ಪಿಸ್ಟನ್ ಮೇಲ್ತುದಿ ಮುಟ್ಟುವುದಕ್ಕೆ ಸುಮಾರು ಮೂರು ಮಿ.ಮೀ. ಮೊದಲು ಕಿಡಿ ಹಾರುವಂತೆ ಹೊಂದಿಸಿದ್ದನ್ನು ನನ್ನೆದುರಿಗೇ ತೋರಿಸಿದರು. ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುವ ಈ ಗಾಡಿಯ ಹಳೆಯ ಚಮತ್ಕಾರವೂ, ಕ್ಲಚ್ ಹಿಡಿಯದೆ ಕಾಲಿನಲ್ಲೇ ಗೇರ್ ಬದಲಿಸಬಹುದಾದ ಏರ್ಪಾಡೂ ಈಗ ಸರಿಯಾಗಿ ಕೆಲಸ ಮಾಡುತ್ತಿವೆ. 12 ವೋಲ್ಟಿಗೆ ಬದಲಿಸಿ ಎಂದು ನಾನು ಎರಡು ಬಾರಿ ಕೇಳಿದರೂ 6 ವೋಲ್ಟಿನ ಡೈನಮೋವನ್ನೇ ಉಳಿಸಿಕೊಟ್ಟರು. ರಾತ್ರಿ ಗುಬ್ಬಿ ರಸ್ತೆಯಲ್ಲಿ ಹೆಡ್‌ಲೈಟ್ ಹಣತೆಯಂತೆ ಉರಿಯುವಾಗ ಅವರ ಹಟವನ್ನು ಸ್ವಲ್ಪ ಬೈದುಕೊಂಡಿದ್ದೇನೆ.

ಈ ಹಟಕ್ಕೆ ಒಂದು ವ್ಯಾವಹಾರಿಕ ಕಾರಣವೂ ಇದೆ. 2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲಿಯೇ ಉಳಿಸಿಕೊಂಡ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಿ, "ವಿಎ" ಅಕ್ಷರಗಳಿರುವ ಸಂಖ್ಯೆ ಪಡೆಯಬಹುದು. ಚಾಸಿಯಲ್ಲಿಯೋ ಎಂಜಿನ್ನಿನಲ್ಲಿಯೋ ದೊಡ್ಡ ಮಾರ್ಪಾಟು ಮಾಡಿದ್ದರೆ ಆ ಅವಕಾಶವಿಲ್ಲ. ಚಾಸಿ ನಂಬರಿನ ಮೇಲೆ ದಪ್ಪ ಪುಟ್ಟಿ ಬಳಿದು ಅಕ್ಷರಗಳನ್ನು ಮುಚ್ಚಿಬಿಡುವ ಪೇಂಟರುಗಳೂ ಇದ್ದಾರೆ. ಇಲ್ಲಿ ಆ ಜಾಗಕ್ಕೆ ಪ್ರೈಮರನ್ನು ಕೂಡ ತೆಳುವಾಗಿಯೇ ಹೊಡೆದಿದ್ದಾರೆ, ಬೆರಳಾಡಿಸಿದರೆ ಅಂಕಿಗಳು ತಾಗುತ್ತವೆ.

ಬಣ್ಣದ ಬಗ್ಗೆ ನನ್ನಲ್ಲಿ ದೂರಿಲ್ಲ. ಬಣ್ಣದ ಪುಡಿಯನ್ನು ಕಾಯಿಸಿ ಹಿಡಿಸುವ ಪೌಡರ್ ಕೋಟಿಂಗ್ ಬೇಡವೆಂದು ಯಜಮಾನರೇ ಹೇಳಿದರು. ಅದರ ದಪ್ಪಕ್ಕೆ ಮಡ್‌ಗಾರ್ಡಿನ ಅಂಚುಗಳ ಚೂಪು ಹೋಗಿ, ಎಲ್ಲವೂ ಪ್ಲಾಸ್ಟಿಕ್ ಹೊದಿಸಿದಂತೆ ಕಾಣುತ್ತದೆ. ಇಂದಿನ ಕಾರುಗಳಂತೆ ಮೇಲೊಂದು ಕ್ಲಿಯರ್ ಕೋಟ್ ಹೊಡೆದರೂ ಆ ಕಾಲದ ಎನಾಮಲ್ಲಿನ ಮೃದುವಾದ ಹೊಳಪು ಬರುವುದಿಲ್ಲವೆಂದು, ಒಂದೇ ಪದರದ ಬಣ್ಣವನ್ನೇ ಹೊಡೆದು ಕೈಯಲ್ಲಿ ಪಾಲಿಷ್ ಮಾಡಿಸಿದರು. ಟ್ಯಾಂಕಿನ ಬದಿಯ ಕ್ರೋಮ್ ಫಲಕದ ಅಂಚಿಗೆ ಎಳೆಯುವ ಬಂಗಾರದ ಗೆರೆಗೆ ಈಗ ಸ್ಟಿಕ್ಕರ್ ಸಿಗುತ್ತದೆ, ಬಹುಪಾಲು ಜನ ಅದನ್ನೇ ಅಂಟಿಸುತ್ತಾರೆ. ಇಲ್ಲಿಗೆ ಬಂದವರು ಲಾರಿಗಳ ಮೇಲೆ ಹೂಬಳ್ಳಿ ಬರೆಯುವ ಒಬ್ಬ ಕಲಾವಿದರು. ಉದ್ದ ಕೂದಲಿನ ತೆಳು ಬ್ರಷ್ಷನ್ನು ಬಣ್ಣದಲ್ಲಿ ಅದ್ದಿ, ಹಳೆಯ ಕ್ಯಾಲೆಂಡರಿನ ಹಾಳೆಯ ಮೇಲೆ ಎರಡು ಸಲ ಎಳೆದು ಹದ ನೋಡಿ, ಕಿರುಬೆರಳನ್ನು ಟ್ಯಾಂಕಿನ ಅಂಚಿಗೆ ಊರಿ, ಉಸಿರು ಹಿಡಿದು ಒಂದೇ ಎಳೆತಕ್ಕೆ ಗೆರೆಯನ್ನು ತಿರುವಿನವರೆಗೆ ತಂದರು. ತಿರುವಿನಲ್ಲಿ ಗೆರೆ ಒಂದಿಷ್ಟು ದಪ್ಪವಾಗಿದೆ. ಕಾರ್ಖಾನೆಯ ಗೆರೆಯೂ ಕೈಯಿಂದಲೇ ಎಳೆದದ್ದಾದ್ದರಿಂದ ಅದನ್ನು ತಿದ್ದಿಸಬೇಕೆಂದು ನನಗೆ ಅನಿಸಲಿಲ್ಲ.

ಇನ್ನು ಕ್ರೋಮ್. ವರ್ಕ್‌ಶಾಪಿನಲ್ಲಿ ಪ್ಲೇಟಿಂಗ್ ಇಲ್ಲ, ಹೊರಗಿನ ಒಂದು ಘಟಕಕ್ಕೆ ಕಳಿಸುತ್ತಾರೆ. ಕ್ರೋಮ್ ಪದರ ಬಲು ತೆಳು; ತುಕ್ಕು ತಡೆಯುವುದು ಅದರ ಕೆಳಗಿನ ನಿಕ್ಕಲ್. ಆ ಘಟಕದವರು ನಿಕ್ಕಲ್ಲಿನಲ್ಲಿ ಜಿಪುಣತನ ಮಾಡಿದ್ದರಿಂದ, ಎರಡೇ ತಿಂಗಳಿಗೆ ಟ್ಯಾಂಕಿನ ಬಲಗಡೆ, ಬೆಸುಗೆ ಹಾಕಿದ ಜಾಗದ ಸುತ್ತ, ಸಾಸಿವೆಯಷ್ಟು ದೊಡ್ಡ ಗುಳ್ಳೆಗಳೆದ್ದವು. ಮತ್ತೆ ಕ್ರೋಮ್ ಕಿತ್ತು, ಮತ್ತೆ ಆಸಿಡ್ಡಿನಲ್ಲಿ ಅದ್ದಿ, ಮತ್ತೆ ಬಣ್ಣ ಹೊಡೆಯಬೇಕಾಯಿತು. ಪ್ರತಿ ಸಲ ಆಸಿಡ್ಡಿಗೆ ಇಳಿದಾಗಲೂ ಹಳೆಯ ತಗಡು ಇನ್ನಷ್ಟು ತೆಳುವಾಗುತ್ತದೆ ಎಂಬುದೇ ನನ್ನ ಸಂಕಟ. ಎರಡನೆಯ ಸಲದ ಖರ್ಚಿನಲ್ಲಿ ಅರ್ಧವನ್ನು ಯಜಮಾನರು ಹೊತ್ತರು. ನನ್ನ ಲೆಕ್ಕದಲ್ಲಿ ಪೂರ್ತಿ ಹೊರಬೇಕಿತ್ತು, ಏಕೆಂದರೆ ಆ ಘಟಕವನ್ನು ಆರಿಸಿದ್ದು ಅವರು, ನಾನಲ್ಲ. ಈ ಮಾತನ್ನು ಅವರಿಗೂ ಹೇಳಿದ್ದೇನೆ.

ತಡವಾದದ್ದರಲ್ಲಿ ಕ್ರೋಮಿನ ಪಾಲು ಮೂರು ತಿಂಗಳು. ಉಳಿದದ್ದಕ್ಕೆ ಕಾರಣ ಕೇಳಿದರೆ ಮದುವೆ, ಜಾತ್ರೆ, ಸಿದ್ಧಗಂಗೆಯ ಶಿವರಾತ್ರಿ, ಕರೆಂಟು. ಫೋನ್ ಮಾಡಿದರೆ ಎತ್ತುವುದಿಲ್ಲ. ಹೋಗಿ ನಿಂತರೆ ಮಾತ್ರ ಚಹಾ ತರಿಸಿ, ಆ ದಿನವೇ ಒಂದಷ್ಟು ಕೆಲಸ ಮಾಡಿಸುತ್ತಾರೆ. ತೊಂಬತ್ತು ಸಾವಿರ ಎಂದದ್ದು ಒಂದು ಲಕ್ಷ ಮೂವತ್ತೆಂಟು ಸಾವಿರಕ್ಕೆ ನಿಂತಿತು, ಆದರೆ ಹೆಚ್ಚಾದ ಪ್ರತಿ ರೂಪಾಯಿಗೂ ನೋಟ್‌ಬುಕ್ಕಿನಲ್ಲಿ ಬರಹವಿತ್ತು. ಬಿಚ್ಚಿ ತೆಗೆದ ಹಳೆಯ ಭಾಗಗಳನ್ನೆಲ್ಲ, ಸವೆದ ಬೇರಿಂಗಿನಿಂದ ಹಿಡಿದು ತುಕ್ಕು ಹಿಡಿದ ಸ್ಪೋಕುಗಳವರೆಗೆ, ಚೀಟಿ ಕಟ್ಟಿ ಗೋಣಿಚೀಲದಲ್ಲಿ ಹಿಂದಿರುಗಿಸಿದರು. ಈ ಒಂದು ಅಭ್ಯಾಸವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ಚೀಲ ಕೆಲಸಕ್ಕೂ ಬಂದಿತು. ಗಾಡಿಯನ್ನು ತಿಪಟೂರಿಗೆ ಒಯ್ದ ದಿನ ಎಂಬತ್ತೊಂದು ದಾಟಿದ ಮಾವನವರು ಬಣ್ಣವನ್ನೂ ಕ್ರೋಮನ್ನೂ ಹೊಗಳಲಿಲ್ಲ. ಎರಡು ಸೈಲೆನ್ಸರುಗಳ ಹೊಗೆಯನ್ನು ಮೂಸಿ, "ಲೀಟರ್ ಪೆಟ್ರೋಲಿಗೆ ನಲವತ್ತು ಎಂಎಲ್ ಆಯಿಲ್ ತಾನೇ ಹಾಕಿರೋದು?" ಎಂದು ಕೇಳಿ, ಬಗ್ಗಿ ಗೇರ್ ಲಿವರನ್ನು ಮುಟ್ಟಿ ನೋಡಿ, "ಇದಕ್ಕೆ ನಾನು ಸೈಕಲ್ ಟ್ಯೂಬ್ ಸುತ್ತಿದ್ದೆನಲ್ಲ, ಎಲ್ಲಿ ಹೋಯ್ತು? ಮಳೆಗಾಲದಲ್ಲಿ ಚಪ್ಪಲಿ ಜಾರುತ್ತೆ" ಎಂದರು. ಚೀಲದಲ್ಲಿ "ಗೇರ್ ಲಿವರ್ ರಬ್ಬರ್" ಎಂಬ ಚೀಟಿಯೊಂದಿಗೆ ಅದು ಇತ್ತು. ಮತ್ತೆ ಸುತ್ತಿದ್ದೇವೆ.

ಒಂದು ಕೆಲಸ ಮಾತ್ರ ಬಾಕಿ ಉಳಿದಿದೆ. ಪೆಟ್ರೋಲ್ ಟ್ಯಾಪಿನ ಒಳಗಿನ ಸೀಲು ಆ ಕಾಲದಲ್ಲಿ ಬೆಂಡಿನದು, ಒಣಗಿದರೆ ಸೋರುತ್ತದೆ, ಬೆಳಗಾಗುವಷ್ಟರಲ್ಲಿ ನೆಲದ ಮೇಲೆ ನಾಲ್ಕೈದು ಹನಿಯ ಕಲೆ ಇರುತ್ತದೆ. ಬಾಟಲಿಯ ಒಳ್ಳೆಯ ಬಿರಡೆಯೊಂದು ಸಿಕ್ಕರೆ ತನ್ನಿ, ಕತ್ತರಿಸಿ ಬಿಸಿನೀರಿನಲ್ಲಿ ನೆನೆಸಿ ಹಾಕಿಕೊಡುತ್ತೇನೆ ಎಂದು ಯಜಮಾನರು ಹೇಳಿದ್ದಾರೆ. ಬಿರಡೆ ಸಿಕ್ಕಿದೆ, ಬುಧವಾರ ಹೋಗಬೇಕು. ಮಂಗಳವಾರ ಅವರು ಬಾಗಿಲು ತೆರೆಯುವುದಿಲ್ಲ.