ನಟರಾಜನ ನೆರಳು ಮತ್ತು ನನ್ನ ಹಳೇ ಮೊಬೈಲು

ಸೆಲ್ವರಾಘವನ್ ಅವರ 2010ರ ತಮಿಳು ಸಿನಿಮಾ ‘ಆಯಿರತ್ತಿಲ್ ಒರುವನ್’ ಮತ್ತೆ ನೋಡಿದೆ. ಈ ಸಲ ನೋಡಿದ್ದು ಕಥೆಗಲ್ಲ, ಬೆಳಕಿಗೆ. ಕಾಣೆಯಾದ ಪುರಾತತ್ವ ತಜ್ಞರನ್ನು ಹುಡುಕಿ ಹೊರಟವರು ಚೋಳರ ಅಡಗುತಾಣ ಸೇರುವ ಕಥೆ, ಕೂಲಿಗಳ ಮುಖಂಡನಾಗಿ ಕಾರ್ತಿ. ಮೊದಲರ್ಧ ಮಜವಾಗಿದೆ. ಆಮೇಲೆ ಸ್ವಲ್ಪ ಎಳೆದಿದ್ದಾರೆ, ರಕ್ತವೂ ಜಾಸ್ತಿ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡುವಂಥದ್ದಲ್ಲ. ಚೋಳ ರಾಜನಾಗಿ ಪಾರ್ತಿಬನ್ ಬಂದ ಮೇಲೆ ಮಾತ್ರ ನಾನು ಕಣ್ಣು ಕದಲಿಸಲಿಲ್ಲ.

ಆದರೆ ಆ ಮರಳುಗಾಡಿನ ದೃಶ್ಯ! ಸಂಜೆ ಸೂರ್ಯ ಇಳಿಯುವಾಗ ಮರಳಿನ ಮೇಲೆ ನಟರಾಜನ ನೆರಳು ಬೀಳುತ್ತದೆ, ಹುಡುಕಿ ಹೊರಟವರಲ್ಲಿ ಉಳಿದ ಮೂವರೂ ಆ ನೆರಳಿನೊಳಗೇ ಓಡಬೇಕು. ಗ್ರಾಫಿಕ್ಸ್ ಈಗ ಹಳೆಯದು ಅನಿಸುತ್ತದೆ, ಇರಲಿ. ನೆರಳನ್ನೇ ದಾರಿ ಮಾಡಿಬಿಟ್ಟಿದ್ದಾರಲ್ಲ, ಅದು ನನ್ನ ತಲೆಯಲ್ಲೇ ಕೂತಿತು.

ಆ ವಾರವೇ ಮಲ್ಪೆ ಬೀಚಿಗೆ ಹೋದೆವು. ಮಧ್ಯಾಹ್ನ ಸುಮ್ನೆ ತೆಗೆದ ಫೋಟೋದಲ್ಲಿ ಮಗಳ ಕಣ್ಣ ಕೆಳಗೆ ಕಪ್ಪು ಗುಂಡಿ. ಸಂಜೆ 6ರ ಹೊತ್ತಿಗೆ ಸೂರ್ಯ ಅವಳ ಪಕ್ಕಕ್ಕೆ ಬರುವ ಹಾಗೆ ನಿಲ್ಲಿಸಿ, ಲೆನ್ಸನ್ನು ಬಟ್ಟೆಯಲ್ಲಿ ಒರೆಸಿ, ಸ್ಕ್ರೀನ್ ಮೇಲೆ ಅವಳ ಮುಖವನ್ನು ಒತ್ತಿ ಹಿಡಿದು ಬೆಳಕನ್ನು ಸ್ವಲ್ಪ ಇಳಿಸಿದೆ. ಒದ್ದೆ ಮರಳಿನ ಗೆರೆಗಳೆಲ್ಲ ಎದ್ದು ಕಂಡವು. ಅವಳನ್ನು ನಟ್ಟನಡುವೆ ಇಡದೆ ಒಂದು ಬದಿಗೆ ಸರಿಸಿ, ಉಳಿದ ಜಾಗವನ್ನೆಲ್ಲ ಅವಳ ಉದ್ದ ನೆರಳಿಗೆ ಬಿಟ್ಟುಕೊಟ್ಟೆ. ನಾಲ್ಕು ವರ್ಷದ ಹಳೇ ಫೋನು, ಫಿಲ್ಟರ್ ಕೂಡ ಹಾಕಿಲ್ಲ.

ಹೆಂಡತಿ ನೋಡಿ, “ಯಾರು ರೀ ತೆಗೆದಿದ್ದು?” ಅಂದಳು.