ತುಮಕೂರಿನಲ್ಲಿ ಕೊಳವೆ ಅಡುಗೆ ಅನಿಲ: ಹದಿನಾಲ್ಕು ತಿಂಗಳ ಬಳಕೆಯ ನಂತರ

ತುಮಕೂರಿನ ನಮ್ಮ ಮನೆಗೆ ಕೊಳವೆಯ ಮೂಲಕ ನೈಸರ್ಗಿಕ ಅನಿಲ ಬರತೊಡಗಿ ಹದಿನಾಲ್ಕು ತಿಂಗಳಾಯಿತು. ಒಲೆಯ ಮುಂದೆ ನಿಂತವರಿಗೆ ಈ ಸೇವೆ ತೃಪ್ತಿ ಕೊಡುತ್ತದೆ. ಗೇಟಿನಿಂದಾಚೆ, ನೆಲ ಅಗೆಯುವ ಕಡೆಯಲ್ಲಿ, ಇದೇ ಸೇವೆ ನಡೆದುಕೊಂಡ ರೀತಿಯನ್ನು ನಾನು ಒಪ್ಪಲಾರೆ. ಸಂಪರ್ಕ ಪಡೆಯಬಹುದೇ ಎಂದು ಅಕ್ಕಪಕ್ಕದವರು ಕೇಳುತ್ತಿರುವುದರಿಂದ ಎರಡನ್ನೂ ಬರೆಯುತ್ತಿದ್ದೇನೆ.

ಮುದ್ದೆ ಮಾಡುವ ಮನೆಯಲ್ಲಿ ಉರಿಯ ಬಲವೇ ಮೊದಲ ಪರೀಕ್ಷೆ. ಮೊದಲ ವಾರ ಎಸರು ಕುದಿಯಲು ಬಹಳ ಹೊತ್ತು ಹಿಡಿಯುತ್ತಿತ್ತು, ಹಿಟ್ಟು ಹಾಕಿ ತೊಳಸುವಷ್ಟರಲ್ಲಿ ಉರಿ ಸೊರಗಿದಂತೆ ಕಾಣುತ್ತಿತ್ತು. ಕಾರಣ ಆಮೇಲೆ ತಿಳಿಯಿತು. ಮನೆಯೊಳಗೆ ಈ ಅನಿಲ ಕೇವಲ 21 ಮಿಲಿಬಾರ್ ಒತ್ತಡದಲ್ಲಿ ಹರಿಯುತ್ತದೆ, ಅಷ್ಟೇ ಗಾತ್ರದ ಸಿಲಿಂಡರ್ ಅನಿಲಕ್ಕೆ ಹೋಲಿಸಿದರೆ ಇದರ ಶಾಖ ಅರ್ಧಕ್ಕಿಂತಲೂ ಕಡಿಮೆ. ಆದ್ದರಿಂದ ಒಲೆಯಲ್ಲಿ ಅನಿಲ ಚಿಮ್ಮುವ ಜೆಟ್ಟಿನ ರಂಧ್ರ ದೊಡ್ಡದಿರಬೇಕು. ಬಂದಿದ್ದ ಹುಡುಗ ಎರಡು ಬರ್ನರುಗಳ ಜೆಟ್ ಬದಲಿಸಿ ಮೂರನೆಯದನ್ನು ಮರೆತಿದ್ದ, ಬದಲಿಸಿದ ಎರಡರಲ್ಲಿಯೂ ಒಂದು ಸರಿಯಾಗಿ ಕೂತಿರಲಿಲ್ಲ. ದೂರು ಕೊಟ್ಟ ಮೂರನೆಯ ದಿನ ಮತ್ತೊಬ್ಬರು ಬಂದು ಎಲ್ಲವನ್ನೂ ಸರಿಪಡಿಸಿದರು. ಅಂದಿನಿಂದ ಉರಿ ನೀಲಿಯಾಗಿ, ಒಂದೇ ಸಮನಾಗಿದೆ. ಅವರೆಕಾಳು ಸಾರಿಗೂ ರೊಟ್ಟಿಯ ಹಂಚಿಗೂ ಯಾವ ಕೊರತೆಯೂ ಆಗಿಲ್ಲ. ಹೊಸದಾಗಿ ಸಂಪರ್ಕ ಪಡೆಯುವವರು ಜೆಟ್ ಬದಲಿಸಿದ್ದನ್ನು ಕಣ್ಣಾರೆ ನೋಡದೆ ಸಹಿ ಹಾಕಬಾರದು.

ಸಿಲಿಂಡರ್ ಬುಕ್ ಮಾಡುವುದು, ಎರಡನೆಯ ಮಹಡಿಗೆ ಹೊರಿಸುವುದು, ಹಬ್ಬದ ಹಿಂದಿನ ದಿನ ಮುಗಿದುಹೋಗುವ ಆತಂಕ ಇವೆಲ್ಲ ತಪ್ಪಿದವು. ನಮ್ಮ ತಾಯಿಯವರಿಗೆ ಇದೊಂದೇ ಸಾಕಾಗಿದೆ. ಸುರಕ್ಷತೆಯ ವಿಷಯದಲ್ಲಿಯೂ ನನಗೆ ನೆಮ್ಮದಿಯಿದೆ, ಏಕೆಂದರೆ ಸಿಲಿಂಡರಿನ ಅನಿಲ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ನೆಲದ ಮೇಲೆಯೇ ಹರಡಿಕೊಳ್ಳುತ್ತದೆ, ಕೊಳವೆಯ ಅನಿಲದ ಮುಖ್ಯ ಭಾಗವಾದ ಮೀಥೇನ್ ಹಗುರವಾದ್ದರಿಂದ ಮೇಲೇರಿ ಹೊರಹೋಗುತ್ತದೆ. ಹಾಗೆ ಹೊರಹೋಗಲು ಸೂರಿನ ಹತ್ತಿರ ಗವಾಕ್ಷಿ ಇರಲೇಬೇಕು. ಕೆಳಗಿನ ಕಿಟಕಿಯೊಂದನ್ನೇ ನಂಬಿದವರು ಇದನ್ನು ಗಮನಿಸಬೇಕು. ಒಮ್ಮೆ ಮೀಟರಿನ ಬಳಿ ವಾಸನೆ ಬಂದಾಗ ಕವಾಟ ಮುಚ್ಚಿ ತುರ್ತು ಸಂಖ್ಯೆಗೆ ಕರೆ ಮಾಡಿದೆವು. ನಲವತ್ತು ನಿಮಿಷದೊಳಗೆ ಬಂದವರು ಸೋಪಿನ ನೊರೆ ಹಚ್ಚಿ, ಸಡಿಲವಾಗಿದ್ದ ನಟ್ಟನ್ನು ಬಿಗಿ ಮಾಡಿದರು. ಆ ದಿನದ ಅವರ ಶ್ರದ್ಧೆಗೆ ನಾನು ಕೃತಜ್ಞ.

ಬಿಲ್ಲು ಎರಡು ತಿಂಗಳಿಗೊಮ್ಮೆ ಬರುತ್ತದೆ. ದರ ಆಗಾಗ ಬದಲಾಗುವುದರಿಂದ ಹಣದ ಲೆಕ್ಕಕ್ಕಿಂತ ಹೋಲಿಸುವ ಕ್ರಮ ಹೇಳುವುದು ಉಪಯುಕ್ತ: 14.2 ಕೆಜಿಯ ಒಂದು ಸಿಲಿಂಡರ್ ಸುಮಾರು 17ರಿಂದ 18 ಘನ ಮೀಟರ್ ನೈಸರ್ಗಿಕ ಅನಿಲಕ್ಕೆ ಸಮ. ಐದು ಜನರ ನಮ್ಮ ಮನೆಯಲ್ಲಿ ಬಿಲ್ಲೊಂದಕ್ಕೆ 32 ಘನ ಮೀಟರಿನ ಆಸುಪಾಸು ಖರ್ಚಾಗುತ್ತದೆ.

ಈ ಅನಿಲ ಎಲ್ಲಿಂದ ಬರುತ್ತದೆ ಎಂಬುದನ್ನು ಸಂಪರ್ಕ ಕೊಟ್ಟವರು ಯಾರೂ ಹೇಳಲಿಲ್ಲ, ಆದರೆ ಬಳಸುವವರು ತಿಳಿದಿರಬೇಕಾದ ಸಂಗತಿ ಅದು. ಮಹಾರಾಷ್ಟ್ರದ ರತ್ನಗಿರಿ ಜಿಲ್ಲೆಯ ದಾಭೋಲ್‌ನಿಂದ ಬೆಂಗಳೂರಿಗೆ ಗೇಲ್ ಸಂಸ್ಥೆ ಹಾಕಿರುವ ಸುಮಾರು 1,000 ಕಿಲೋಮೀಟರ್ ಉದ್ದದ ಕೊಳವೆ ಮಾರ್ಗ 2013ರಲ್ಲಿ ಕಾರ್ಯಾರಂಭ ಮಾಡಿತು, ಅದು ಬೆಳಗಾವಿ, ಧಾರವಾಡ, ಗದಗ, ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳನ್ನು ದಾಟಿ ನಮ್ಮ ಜಿಲ್ಲೆಯ ಮೂಲಕವೇ ಹಾದುಹೋಗುತ್ತದೆ. ದಾಭೋಲ್‌ನಲ್ಲಿ ಹಡಗಿನಿಂದ ಇಳಿಯುವುದು ಮೈನಸ್ 162 ಡಿಗ್ರಿಗೆ ತಂಪಾಗಿಸಿ ದ್ರವವಾಗಿಸಿದ ಅನಿಲ. ದೀರ್ಘಾವಧಿ ಒಪ್ಪಂದದಂತೆ ಅಮೆರಿಕದ ಸಬೀನ್ ಪಾಸ್ ಬಂದರಿನಿಂದ ಹೊರಟ ಮೊದಲ ಹಡಗು 2018ರ ಮಾರ್ಚ್ 30ರಂದು ಅಲ್ಲಿಗೆ ಬಂದಿತು. ಮನೆಬಳಕೆಗೆ ಸರ್ಕಾರ ದೇಶೀಯ ಅನಿಲವನ್ನು ಆದ್ಯತೆಯಿಂದ ಹಂಚುತ್ತದೆ ಎಂಬುದು ನಿಜ. ಆದರೂ ಜಾಲದಲ್ಲಿ ಎಲ್ಲವೂ ಬೆರೆತೇ ಹರಿಯುವುದರಿಂದ ಅಮೆರಿಕದಲ್ಲಿ ಶೇಲ್ ಎಂಬ ಪದರುಗಲ್ಲಿನಿಂದ ತೆಗೆಯುವ ಅನಿಲಕ್ಕೂ ನಮ್ಮ ಒಲೆಗೂ ಸಂಬಂಧವಿಲ್ಲ ಎನ್ನಲಾಗದು.

ಕೊಳವೆಬಾವಿ ಕೊರೆಸಿ ನೀರಿಗಾಗಿ ಕಾದವರಿಗೆ ಶೇಲ್ ಅನಿಲದ ಕೆಲಸ ಬೇಗ ಅರ್ಥವಾಗುತ್ತದೆ. ನಾವು ಗಟ್ಟಿ ಕಲ್ಲಿನಲ್ಲಿ ಸಾವಿರ ಅಡಿ ನೇರವಾಗಿ ಇಳಿದು ಬಿರುಕಿನ ನೀರನ್ನು ಹುಡುಕುತ್ತೇವೆ. ಅಲ್ಲಿ ಒಂದೂವರೆ, ಎರಡು ಕಿಲೋಮೀಟರ್ ಇಳಿದ ಮೇಲೆ ಬಾವಿಯನ್ನು ಅಡ್ಡಕ್ಕೆ ತಿರುಗಿಸಿ, ಮರಳು ಮತ್ತು ರಾಸಾಯನಿಕ ಬೆರೆಸಿದ ನೀರನ್ನು ಭಾರೀ ಒತ್ತಡದಲ್ಲಿ ನುಗ್ಗಿಸಿ, ಪದರುಪದರಾದ ಕಲ್ಲಿನಲ್ಲಿ ಬಿರುಕುಗಳನ್ನು ತಾವೇ ಮಾಡುತ್ತಾರೆ. ಒಂದು ಬಾವಿಗೆ ಕೋಟಿ ಲೀಟರುಗಳ ಲೆಕ್ಕದಲ್ಲಿ ನೀರು ಬೇಕು. ಒಂದೂವರೆ ಕೋಟಿ ಲೀಟರ್ ಎಂದರೆ ಆರು ಸಾವಿರ ಲೀಟರಿನ ಟ್ಯಾಂಕರ್ 2,500 ಸಲ ಬಂದಂತೆ. ಪೆನ್ಸಿಲ್ವೇನಿಯಾದ ಡಿಮಾಕ್ ಎಂಬ ಊರಿನಲ್ಲಿ ಮನೆಗಳ ಕುಡಿಯುವ ನೀರಿನ ಬಾವಿಗಳಿಗೆ ಮೀಥೇನ್ ಸೇರಿದ ಪ್ರಕರಣ ವರ್ಷಗಟ್ಟಲೆ ನಡೆಯಿತು. ಪಾವಗಡದ ಫ್ಲೋರೈಡ್ ನೀರನ್ನು ಕಂಡಿರುವ ಜಿಲ್ಲೆಯವರಾದ ನಾವು ಆ ಊರಿನವರ ಸಂಕಟವನ್ನು ದೂರದ್ದೆಂದು ತಳ್ಳಿಹಾಕಬಾರದು.

ಹತ್ತಿರದ ನೆಲದ ವಿಷಯಕ್ಕೆ ಬಂದರೆ, ನಮ್ಮ ಚಿಕ್ಕಪ್ಪನವರ ತೆಂಗಿನ ತೋಟದ ಅಂಚಿನಲ್ಲಿ ದೊಡ್ಡ ಕೊಳವೆಯೊಂದು ಹಾದುಹೋಗಿದೆ. ಕೊಳವೆ ಹಾಕಲು ಜಮೀನಿನ ಬಳಕೆಯ ಹಕ್ಕು ಪಡೆಯುವ 1962ರ ಕಾಯ್ದೆಯ ಪ್ರಕಾರ ಇಂಥ ಜಮೀನಿನ ಒಡೆತನ ರೈತನದ್ದೇ ಆಗಿರುತ್ತದೆ, ಆದರೆ ಕೊಳವೆ ಹಾದುಹೋದ ನೆಲದ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಬೆಳೆ ಹಾನಿಯ ಪರಿಹಾರದ ಜೊತೆಗೆ ಸಿಗುವುದು ಜಮೀನಿನ ಬೆಲೆಯ ಶೇಕಡಾ 10 ಮಾತ್ರ. ರಾಗಿ ಬೆಳೆಯುವ ಹೊಲದವನಿಗೆ ಇದು ಸಹ್ಯವಾಗಬಹುದು. ತೆಂಗು, ಅಡಿಕೆಯನ್ನೇ ನಂಬಿದವನಿಗೆ ಆ ಪಟ್ಟಿ ಶಾಶ್ವತವಾಗಿ ಬಂಜರಾದಂತೆಯೇ ಸರಿ. ನನ್ನ ಒಲೆಯ ಅನುಕೂಲದ ಬೆಲೆಯಲ್ಲಿ ಒಂದು ಪಾಲನ್ನು ಅವರು ತೆರುತ್ತಿದ್ದಾರೆ, ಈ ಪರಿಹಾರ ಹೆಚ್ಚಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ನಮ್ಮ ಬೀದಿಯಲ್ಲಿ ಗುತ್ತಿಗೆದಾರರ ತಂಡ ಮಳೆಗಾಲಕ್ಕೆ ಹದಿನೈದು ದಿನ ಮೊದಲು ಕಾಂಕ್ರೀಟ್ ರಸ್ತೆಯನ್ನು ಕತ್ತರಿಸಿತು. ಎರಡು ಮನೆಗಳ ನೀರಿನ ಪೈಪು ಒಡೆಯಿತು. ಹಳದಿ ಪ್ಲಾಸ್ಟಿಕ್ ಕೊಳವೆ ಇಳಿಸಿದ ಗುಂಡಿಯನ್ನು ಬರೀ ಮಣ್ಣಿನಿಂದ ಮುಚ್ಚಿ ಹೋದರು, ಮೊದಲ ಮಳೆಗೇ ಅದು ಕುಸಿದು ಒಬ್ಬ ಹಿರಿಯರು ಸ್ಕೂಟರಿನಿಂದ ಬಿದ್ದರು. ಮೀಟರ್ ಕೂರಿಸಿ ಅನಿಲ ಬಿಡಲು ಮೂರು ತಿಂಗಳು ತೆಗೆದುಕೊಂಡದ್ದನ್ನು ನಾನು ಮರೆಯಬಲ್ಲೆ, ಇದನ್ನು ಮರೆಯಲಾರೆ. ಇದಕ್ಕಿಂತ ಗಂಭೀರವಾದುದು ಎಚ್ಚರಿಕೆಯ ಫಲಕಗಳ ಸ್ಥಿತಿ. ಬೀದಿಯೊಳಗಿನ ಕೊಳವೆಗೆ ಅತಿ ದೊಡ್ಡ ಅಪಾಯ ತಿಳಿಯದೆ ಅಗೆಯುವ ಜೆಸಿಬಿಯಿಂದ. ಹೀಗಿದ್ದೂ ನಮ್ಮಲ್ಲಿ ನೆಟ್ಟ ಫಲಕದಲ್ಲಿ ತುರ್ತು ಸಂಖ್ಯೆಯ ಸುತ್ತ ಇರುವುದೆಲ್ಲ ಇಂಗ್ಲಿಷ್, ಕರೆ ಮಾಡಿದರೆ ಮೊದಲು ಕೇಳಿಸುವುದು ಹಿಂದಿ. ಆಂಧ್ರದ ನಗರಂ ಗ್ರಾಮದಲ್ಲಿ 2014ರ ಜೂನ್ 27ರಂದು ಅನಿಲ ಕೊಳವೆ ಸ್ಫೋಟಿಸಿ ಇಪ್ಪತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಅದು ಬಹಳ ಹೆಚ್ಚಿನ ಒತ್ತಡದ ಬೇರೆ ಬಗೆಯ ಕೊಳವೆಯಾದರೂ, ಗುಂಡಿ ತೋಡುವ ಕೂಲಿಯವನು ಓದಲಾಗದ ಎಚ್ಚರಿಕೆಯಿಂದ ಯಾರಿಗೂ ರಕ್ಷಣೆಯಿಲ್ಲ.

ಕನ್ನಡ ಫಲಕಕ್ಕಾಗಿ ನಮ್ಮ ಬೀದಿಯ ಹನ್ನೊಂದು ಮನೆಯವರು ಸಹಿ ಮಾಡಿದ ಪತ್ರವನ್ನು ಕಚೇರಿಗೆ ಕೊಟ್ಟಿದ್ದೇವೆ. ಕಳೆದ ತಿಂಗಳು ಗುಂಡಿಗೆ ಕಾಂಕ್ರೀಟ್ ಹಾಕಿದ್ದಾರೆ, ಫಲಕ ಇನ್ನೂ ಬದಲಾಗಿಲ್ಲ. ಐದರಲ್ಲಿ ಒಲೆಗೆ ನಾಲ್ಕೂವರೆ ಅಂಕ ಕೊಡುತ್ತೇನೆ, ಬೀದಿಯ ಕೆಲಸಕ್ಕೆ ಎರಡು.