ಗುವಾಂಗ್‌ಝೌನ ಎರಡು ಹಾಲಿನ ಸಿಹಿ: ನನ್ನ ಓಟು ಶುಂಠಿ ಹಾಲಿಗೆ

ನಮ್ಮ ಕಡೆಯಿಂದ ದಕ್ಷಿಣ ಚೀನಾದ ಗುವಾಂಗ್‌ಝೌಗೆ ಹೋಗುವವರಲ್ಲಿ ವ್ಯಾಪಾರಸ್ಥರೇ ಜಾಸ್ತಿ. ಅಲ್ಲಿ 1957ರಿಂದ ನಡೆಯುತ್ತಿರುವ ಕ್ಯಾಂಟನ್ ಫೇರ್ ಅನ್ನುವ ದೊಡ್ಡ ವ್ಯಾಪಾರ ಮೇಳ ವರ್ಷಕ್ಕೆ ಎರಡು ಸಲ, ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಶುರುವಾಗುತ್ತದೆ. ಹಗಲೆಲ್ಲ ಸ್ಟಾಲ್ ಸುತ್ತಿ, ರಾತ್ರಿ ಇಂಡಿಯನ್ ಹೋಟೆಲ್ ಹುಡುಕಿ ಊಟ ಮಾಡಿ, ಹಾಗೇ ವಿಮಾನ ಹತ್ತಿಬಿಡುತ್ತಾರೆ. ಅಲ್ಲಿನ ಹಾಲಿನ ಸಿಹಿ ತಿನ್ನದೆ ಬಂದರಲ್ಲ ಅಂತ ನನಗೆ ನಿಜಕ್ಕೂ ಬೇಸರ.

ಚೀನಾದ ಅಡುಗೆಯಲ್ಲಿ ಹಾಲು ಅಪರೂಪ. ಗುವಾಂಗ್‌ಝೌ ಇರುವ ಪರ್ಲ್ ನದಿಯ ಬಯಲು ಅದಕ್ಕೊಂದು ಅಪವಾದ. ಇಲ್ಲಿನ ಎಮ್ಮೆಗಳು ಕೊಡುವ ಹಾಲು ಕಡಿಮೆ, ಆದರೆ ಗಟ್ಟಿ ಹಾಲು. ಅದರಿಂದ ಹುಟ್ಟಿದ ಎರಡು ಸಿಹಿಗಳು ಒಂದೇ ಅಂಗಡಿಯ ಮೆನುವಿನಲ್ಲಿ ಅಕ್ಕಪಕ್ಕ ಇರುತ್ತವೆ. ಒಂದು ಶುವಾಂಗ್ ಪಿ ನಾಯ್, ಅಂದರೆ ಎರಡು ಕೆನೆಯ ಹಾಲು. ಇದು ಪಕ್ಕದ ಶುಂಡೆ ಕಡೆಯದು. ಇನ್ನೊಂದು ಜಿಯಾಂಗ್ ಝುವಾಂಗ್ ನಾಯ್, ಶುಂಠಿ ಹಾಲು. ಇದಕ್ಕೆ ಹೆಸರಾದದ್ದು ನಗರದ ದಕ್ಷಿಣಕ್ಕಿರುವ ಪಾನ್ಯು ಭಾಗದ ಶಾವಾನ್ ಊರು. ಎರಡನ್ನೂ ತಿನ್ನಲು ಹಳೆಯ ಲಿವಾನ್ ಪ್ರದೇಶ ಚೆನ್ನ. ಮೆಟ್ರೋ 1ನೇ ಲೈನಿನ ಚಾಂಗ್‌ಶೌ ಲು ಸ್ಟೇಷನ್‌ನಲ್ಲಿ ಇಳಿದು ಶಾಂಗ್‌ಶಿಯಾಜಿಯು ಬೀದಿಯ ಕಡೆ ನಡೆದರೆ ಸಿಹಿ ಅಂಗಡಿಗಳು ಸಿಗುತ್ತವೆ.

ಎರಡು ಕೆನೆಯ ಹಾಲಿನ ಹಿಂದಿರುವ ಕೈಚಳಕ ದೊಡ್ಡದು. ಬಿಸಿ ಹಾಲನ್ನು ಬಟ್ಟಲಿಗೆ ಸುರಿದು ಆರಲು ಬಿಡುತ್ತಾರೆ. ಮೇಲೆ ಕೆನೆ ಕಟ್ಟುತ್ತದೆ. ಅಂಚಿನಲ್ಲಿ ಸ್ವಲ್ಪ ಸೀಳಿ, ಕೆನೆ ತಳದಲ್ಲೇ ಉಳಿಯುವ ಹಾಗೆ ಹಾಲನ್ನು ಹೊರಗೆ ಬಗ್ಗಿಸುತ್ತಾರೆ. ಆ ಹಾಲಿಗೆ ಸಕ್ಕರೆ, ಮೊಟ್ಟೆಯ ಬಿಳಿಭಾಗ ಬೆರೆಸಿ, ಅದೇ ಸೀಳಿನಿಂದ ನಿಧಾನವಾಗಿ ವಾಪಸ್ ಹುಯ್ಯುತ್ತಾರೆ. ಕೆನೆ ತೇಲಿ ಮೇಲೆ ಬರುತ್ತದೆ. ಆಮೇಲೆ ಹಬೆಯಲ್ಲಿ ಬೇಯಿಸಿದರೆ ಅದರ ಕೆಳಗೆ ಎರಡನೇ ಕೆನೆ. ಮೇಲಿನದು ಸ್ವಲ್ಪ ಸುಕ್ಕುಗಟ್ಟಿ ಮಂದವಾಗಿರುತ್ತದೆ, ಕೆಳಗಿನದು ತೆಳ್ಳಗೆ ನುಣುಪು. ತಣ್ಣಗೆ ಮಾಡಿದ್ದನ್ನು ಮೇಲೆ ಬೇಯಿಸಿದ ಕೆಂಪು ಬೀನ್ಸ್ ಕಾಳು ಹಾಕಿಸಿಕೊಂಡು ತಿನ್ನಬೇಕು. ಗುವಾಂಗ್‌ಝೌನ ಬೇಸಿಗೆಗೆ ಅದಕ್ಕಿಂತ ಹಿತವಾದದ್ದು ನನಗೆ ಸಿಕ್ಕಿಲ್ಲ.

ಶುಂಠಿ ಹಾಲಿಗೆ ಮೊಟ್ಟೆ ಇಲ್ಲ, ಹಬೆಯೂ ಬೇಡ. ಬಟ್ಟಲ ತಳದಲ್ಲಿ ಬಲಿತ ಶುಂಠಿಯ ರಸ. ಸಕ್ಕರೆ ಹಾಕಿ ಕಾಯಿಸಿದ ಹಾಲು ಸುಮಾರು 70 ಡಿಗ್ರಿಗೆ ಇಳಿದಾಗ ಎತ್ತರದಿಂದ ಒಂದೇ ಸಲಕ್ಕೆ ಸುರಿಯುತ್ತಾರೆ. ಮತ್ತೆ ಮುಟ್ಟುವ ಹಾಗಿಲ್ಲ. ಕೆಲವೇ ನಿಮಿಷದಲ್ಲಿ ಹಾಲು ಹೆಪ್ಪುಗಟ್ಟುತ್ತದೆ. ಮೇಲೆ ಚಮಚ ಇಟ್ಟರೆ ಮುಳುಗಬಾರದು, ಅದೇ ಪರೀಕ್ಷೆ. ಚೀಸ್ ಮಾಡುವಾಗ ಹಾಲು ಗಟ್ಟಿಯಾಗಲೆಂದು ಹಾಕುವ ರೆನೆಟ್ ಮಾಡುವ ಕೆಲಸವನ್ನು ಇಲ್ಲಿ ಶುಂಠಿಯಲ್ಲಿರುವ ಒಂದು ಕಿಣ್ವ ಮಾಡುತ್ತದೆ. ಹಾಲು ತೀರಾ ಬಿಸಿಯಿದ್ದರೆ ಕಿಣ್ವ ಕೆಡುತ್ತದೆ, ಆರಿಬಿಟ್ಟಿದ್ದರೆ ಸರಿಯಾಗಿ ಹೆಪ್ಪು ಕಟ್ಟುವುದಿಲ್ಲ.

ಬಾಯಿಗಿಟ್ಟರೆ ಮೊದಲು ನಮ್ಮ ಗಿಣ್ಣು ನೆನಪಾಗುತ್ತದೆ, ಆದರೆ ಇದು ಗಿಣ್ಣಿಗಿಂತ ಎಷ್ಟೋ ಮೆತ್ತಗೆ, ನಾಲಿಗೆಯ ಮೇಲೆ ನಿಲ್ಲುವುದೇ ಇಲ್ಲ. ಹಾಲಿನ ಸಿಹಿ ಮುಂದೆ ಬರುತ್ತದೆ, ಶುಂಠಿಯ ಖಾರ ಹಿಂದಿನಿಂದ ಗಂಟಲಿಗೆ ಇಳಿಯುತ್ತದೆ. ಬಿಸಿಬಿಸಿಯಾಗಿಯೇ ತಿನ್ನಬೇಕು. ಆರಿದರೆ ನೀರು ಬಿಡುತ್ತದೆ.

ಯಾವುದು ಮೇಲು? ನಾನು ಶುಂಠಿ ಹಾಲನ್ನೇ ಆರಿಸುತ್ತೇನೆ. ಎರಡು ಕೆನೆಯ ಹಾಲು ಪೂರ್ತಿಯಾಗಿ ಹಾಲಿನ ಗುಣದ ಮೇಲೇ ನಿಂತಿದೆ. ಒಳ್ಳೆಯ ಎಮ್ಮೆ ಹಾಲಿದ್ದರೆ ಅದ್ಭುತ. ತೆಳು ಹಾಲಿನಲ್ಲಿ ಮಾಡಿದ್ದರೆ ಸುಮ್ನೆ ಸಿಹಿ ಮೊಟ್ಟೆ ತಿಂದ ಹಾಗೆ, ಎರಡು ಕೆನೆ ಇದೆಯೋ ಇಲ್ಲವೋ ಅಂತ ಹುಡುಕಬೇಕು. ಪ್ರವಾಸಿಗರು ತುಂಬಿರುವ ಬೀದಿಗಳಲ್ಲಿ ಅಂಥದ್ದೂ ಸಿಗುತ್ತದೆ. ಶುಂಠಿ ಹಾಲು ಸ್ವಲ್ಪ ಸಡಿಲವಾಗಿ ಹೆಪ್ಪುಗಟ್ಟಿದ್ದರೂ ರುಚಿ ಕೈಬಿಡುವುದಿಲ್ಲ. ಮೊದಲೇ ಮಾಡಿ ಫ್ರಿಜ್‌ನಲ್ಲಿ ಸಾಲಾಗಿ ಇಟ್ಟು ಮಾರುವ ತಿಂಡಿಯೂ ಅಲ್ಲ, ಕೇಳಿದ ಮೇಲೆ ಹಾಲು ಸುರಿಯಬೇಕು. ಮೊಟ್ಟೆ ತಿನ್ನದ ನಮ್ಮವರಿಗಂತೂ ಬೇರೆ ಯೋಚನೆಯೇ ಬೇಡ. ಎರಡು ಕೆನೆಯ ಹಾಲನ್ನು ಬರೀ ಹಾಲಿನ ಸಿಹಿ ಅಂದುಕೊಂಡು ತಿನ್ನುವವರು ಬಹಳ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಅದೇ ಅಂಗಡಿಗಳಲ್ಲಿ ಕರಿ ಎಳ್ಳಿನ ಬಿಸಿ ಪಾಯಸದಂಥ ಝಿಮಾ ಹು ಕೂಡ ಚೆನ್ನಾಗಿರುತ್ತದೆ. ಗುಯಿಲಿಂಗ್ ಗಾವ್ ಅನ್ನುವ ಕಪ್ಪು ಜೆಲ್ಲಿಯನ್ನು ಮಾತ್ರ ಸಸ್ಯಾಹಾರಿಗಳು ವಿಚಾರಿಸಿ ತಿನ್ನಿ. ಸಾಂಪ್ರದಾಯಿಕವಾಗಿ ಅದಕ್ಕೆ ಆಮೆಯ ಚಿಪ್ಪು ಬಳಸುತ್ತಾರೆ.

ಕುಡಿಯಲು ಲಿಯಾಂಗ್ ಚಾ, ಅಂದರೆ ಗಿಡಮೂಲಿಕೆಗಳ ಕಷಾಯ. 2006ರಲ್ಲಿ ಚೀನಾ ಇದನ್ನು ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿದೆ. ಕೆಂಪು ಕ್ಯಾನಿನಲ್ಲಿ ಬರುವ ವಾಂಗ್ ಲಾವ್ ಜಿ 1828ರಿಂದ ಇರುವ ಹೆಸರು, ಆದರೆ ಕ್ಯಾನಿನದು ಬಹಳ ಸಿಹಿ. ಬೀದಿಯ ಕಷಾಯದಂಗಡಿಯಲ್ಲಿ ಸಿಗುವ 'ಇಪ್ಪತ್ನಾಲ್ಕು ರುಚಿ' ನೆಲಬೇವಿನಷ್ಟು ಕಹಿ. ಎರಡಕ್ಕಿಂತಲೂ ನನಗೆ ಇಷ್ಟವಾದದ್ದು ಕಬ್ಬು ಮತ್ತು ಒಂದು ಜಾತಿಯ ಹುಲ್ಲಿನ ಬೇರು ಹಾಕಿ ಕುದಿಸಿದ ನೀರು. ತಿಳಿಯಾದ ಸಿಹಿ, ಬಾಯಾರಿಕೆ ನಿಜವಾಗಿ ಇಂಗುತ್ತದೆ.

ಶುಂಠಿ ಹಾಲನ್ನು ಊರಿನಲ್ಲೂ ಮಾಡಬಹುದು. ಗಟ್ಟಿ ಎಮ್ಮೆ ಹಾಲು ತನ್ನಿ, ಟೆಟ್ರಾ ಪ್ಯಾಕ್ ಹಾಲು ಬೇಡ, ಅದು ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಎಳೆ ಶುಂಠಿಯೂ ಬೇಡ, ನಾರು ಬಲಿತದ್ದಿರಲಿ. ರಸವನ್ನು ಆಗಲೇ ಹಿಂಡಿ, ತಳದಲ್ಲಿ ಕೂತ ಬಿಳಿ ಹಿಟ್ಟಿನ ಸಮೇತ ಕಲಕಿ, ಆಮೇಲೆ ಹಾಲು ಸುರಿಯಿರಿ. ಅಡುಗೆ ಥರ್ಮಾಮೀಟರ್ ಇದ್ದರೆ ಕೆಲಸ ಸಲೀಸು.